13ಕ್ಕೆ 13 ಗೆದ್ದವರು ಹೊರಗುಳಿದದ್ದು ಹೇಗೆ?

ಪ್ರಶ್ನೆ: ನಮ್ಮೂರು ಹಾಸನ. ಹದಿನೆಂಟು ವರ್ಷದಿಂದ ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿದ್ದೇವೆ. ಕ್ರಿಕೆಟ್ ಬಿಟ್ಟರೆ ನನಗೆ ಬೇರೆ ಆಟ ಗೊತ್ತಿರಲಿಲ್ಲ. ಮಗ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ ಮೇಲೆ ಅವನ ಜೊತೆ ಕೂತು ಅಮೆರಿಕನ್ ಫುಟ್‌ಬಾಲ್ ನೋಡುವುದನ್ನು ಕಲಿತೆ. 2023ರಲ್ಲಿ ಅವರ ತಂಡ 13 ಪಂದ್ಯ ಆಡಿ 13ನ್ನೂ ಗೆದ್ದಿತು. ಆದರೂ ಒಂದು ಸಮಿತಿ ಕೂತು, ಒಂದು ಪಂದ್ಯ ಸೋತಿದ್ದ ಅಲಬಾಮಾವನ್ನು ಪ್ಲೇಆಫ್‌ಗೆ, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್ ಪಂದ್ಯಗಳಿಗೆ ಕರೆದು ಇವರನ್ನು ಹೊರಗೆ ಬಿಟ್ಟಿತು. ಆ ಭಾನುವಾರ ಮಗ ಊಟ ಮಾಡಲಿಲ್ಲ. 2025ರ ಡಿಸೆಂಬರಿನಲ್ಲಿ ನನ್ನ ತಂಗಿಯ ಮಗಳು ಓದುವ ನೋಟರ್ ಡೇಮ್‌ಗೂ ಹೀಗೇ ಆಯಿತು. ಐಪಿಎಲ್‌ನಲ್ಲಿ ಇರುವಂತೆ ಇಲ್ಲಿ ಪಾಯಿಂಟ್ಸ್ ಟೇಬಲ್ ಯಾಕಿಲ್ಲ? ಇದರಲ್ಲಿ ಟಿವಿ ಕಂಪನಿಗಳ ಕೈವಾಡ ಇದೆ ಅನ್ನುತ್ತಾರೆ, ನಿಜವೇ? ಕಂಪ್ಯೂಟರಿಗೆ ಬಿಟ್ಟರೆ ನ್ಯಾಯ ಸಿಗುತ್ತದೆಯೇ? 16 ಅಥವಾ 24 ತಂಡಗಳನ್ನು ಆಡಿಸಿದರೆ ಸರಿಹೋಗುತ್ತದೆಯೇ? ಮಗ ತಾನೇ ಎಕ್ಸೆಲ್‌ನಲ್ಲಿ ಒಂದು ರ‍್ಯಾಂಕಿಂಗ್ ಮಾಡಿಕೊಂಡಿದ್ದಾನೆ. ಅದರಲ್ಲಿ 2023ರ ಫ್ಲಾರಿಡಾ ಸ್ಟೇಟ್ ಮೂರನೆಯದಾಗಿ ಬರುತ್ತದೆ. ಅದು ಸರಿಯೇ ಎಂದೂ ಕೇಳಲು ಹೇಳಿದ್ದಾನೆ.

ಉತ್ತರ: ನಿಮ್ಮ ಪ್ರಶ್ನೆಗಳು ಹಲವಿದ್ದರೂ ಎಲ್ಲದರ ಬುಡದಲ್ಲಿ ಇರುವ ಸಂಕಟ ಒಂದೇ. ಆ ಹುಡುಗರು ತಮ್ಮ ಮುಂದೆ ನಿಂತ ಪ್ರತಿಯೊಂದು ತಂಡವನ್ನೂ ಸೋಲಿಸಿದರು. 'ಇನ್ನೇನು ಮಾಡಿದ್ದರೆ ನಮ್ಮನ್ನು ಸೇರಿಸುತ್ತಿದ್ದಿರಿ?' ಎಂದು ಅವರು ಕೇಳಿದರೆ ಉತ್ತರ ಹೇಳಬಲ್ಲವರು ಯಾರೂ ಇರಲಿಲ್ಲ. ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಜೋಡಿ ಜೋಡಿಯಾಗಿ ಹೋಲಿಸಿ ಕ್ರಮಾಂಕ ಕೊಡುವ ವಿಧಾನಗಳೇ ನನ್ನ ಕೆಲಸ. ಕಾಲೇಜು ಫುಟ್‌ಬಾಲ್‌ನಷ್ಟು ಈ ವಿಧಾನಗಳನ್ನು ತಿಣುಕಾಡಿಸುವ ಆಟ ಇನ್ನೊಂದನ್ನು ನಾನು ಕಂಡಿಲ್ಲ. ಅದಕ್ಕೆ ಕಾರಣವಿದೆ. ಪಾಯಿಂಟ್ಸ್ ಟೇಬಲ್ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ.

ಐಪಿಎಲ್‌ನಲ್ಲಿ ಹತ್ತು ತಂಡ. ಜೋಡಿ ಲೆಕ್ಕ ಹಾಕಿದರೆ 45. ಲೀಗ್ ಹಂತದಲ್ಲಿ 70 ಪಂದ್ಯ ನಡೆಯುತ್ತವೆ. ಎಲ್ಲರೂ ಎಲ್ಲರ ಜೊತೆ ಒಮ್ಮೆಯಾದರೂ ಆಡಿಯೇ ಆಡುತ್ತಾರೆ. ಹಾಗಾಗಿ 16 ಪಾಯಿಂಟು ಅಂದರೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅರ್ಥ. ಈಗ ಕಾಲೇಜು ಫುಟ್‌ಬಾಲ್ ನೋಡಿ. 2025ರಲ್ಲಿ ಮೇಲಿನ ದರ್ಜೆಯಲ್ಲಿ ಆಡಿದ್ದು 136 ವಿಶ್ವವಿದ್ಯಾಲಯಗಳು. ಜೋಡಿಗಳು 9,180. ಇದು ಮೈಗೆ ಮೈ ಕೊಟ್ಟು ಆಡುವ ಆಟ, ವಾರಕ್ಕೊಂದು ಪಂದ್ಯಕ್ಕಿಂತ ಹೆಚ್ಚು ಆಡಿಸಲಾಗದು. ಆದ್ದರಿಂದ ಒಂದು ತಂಡಕ್ಕೆ ಸಾಮಾನ್ಯವಾಗಿ 12 ಪಂದ್ಯ. ಎಲ್ಲ ಪಂದ್ಯವೂ ಈ 136ರ ಒಳಗೇ ನಡೆದರೂ ಒಟ್ಟು 816 ಆಗುತ್ತದೆ. ಅಂದರೆ ಹನ್ನೊಂದು ಜೋಡಿಗಳಲ್ಲಿ ಒಂದು ಜೋಡಿಯೂ ಎದುರುಬದುರಾಗುವುದಿಲ್ಲ. ಅದರಲ್ಲೂ ಬಹುಪಾಲು ಪಂದ್ಯ ತಮ್ಮ ತಮ್ಮ ಕಾನ್ಫರೆನ್ಸಿನ ಒಳಗೇ ಮುಗಿದುಹೋಗುತ್ತವೆ. ಕಾನ್ಫರೆನ್ಸ್ ಅಂದರೆ ಹತ್ತು ಹದಿನೈದು ವಿಶ್ವವಿದ್ಯಾಲಯಗಳ ಕೂಟ ಅಂದುಕೊಳ್ಳಿ. ನಮ್ಮ ಹೋಬಳಿಯಲ್ಲಿ ಗೆದ್ದವನು ದೊಡ್ಡವನೋ ಪಕ್ಕದ ಹೋಬಳಿಯಲ್ಲಿ ಗೆದ್ದವನು ದೊಡ್ಡವನೋ ಎಂದು ತೀರ್ಮಾನಿಸಬೇಕು, ಆದರೆ ಇಬ್ಬರ ನಡುವೆ ಕುಸ್ತಿಯೇ ಆಗಿಲ್ಲ. ಪಾಯಿಂಟ್ಸ್ ಟೇಬಲ್ ಸುಮ್ಮನೆ ಸೋಲು ಗೆಲುವು ಎಣಿಸಿದರೆ, ಸುಲಭದ ಎದುರಾಳಿಗಳನ್ನು ಹುಡುಕಿಕೊಂಡು ಆಡಿದವನೇ ಮೇಲೆ ಬರುತ್ತಾನೆ.

ಈ ಗುಂಡಿಯನ್ನು ಅಮೆರಿಕನ್ನರು ಮೊದಲಿನಿಂದಲೂ ಅಭಿಪ್ರಾಯದಿಂದ ಮುಚ್ಚುತ್ತ ಬಂದಿದ್ದಾರೆ. ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಮೊದಲ ಕಾಲೇಜು ಪಂದ್ಯ ಆಡಿದ್ದು 1869ರಲ್ಲಿ. 1936ರಿಂದ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ಪತ್ರಕರ್ತರ ಮತ ತೆಗೆದುಕೊಂಡು ಪಟ್ಟಿ ಪ್ರಕಟಿಸತೊಡಗಿತು. 1950ರಿಂದ ಕೋಚ್‌ಗಳದ್ದೂ ಒಂದು ಪಟ್ಟಿ ಬಂತು. ಎರಡೂ ಪಟ್ಟಿ ಒಪ್ಪಿದರೆ ಒಬ್ಬ ಚಾಂಪಿಯನ್, ಒಪ್ಪದಿದ್ದರೆ ಇಬ್ಬರು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಬಾಸ್ಕೆಟ್‌ಬಾಲಿಗೂ ಈಜಿಗೂ ಕುಸ್ತಿಗೂ ಚಾಂಪಿಯನ್‌ಶಿಪ್ ನಡೆಸುತ್ತದೆ. ಮೇಲ್ದರ್ಜೆಯ ಫುಟ್‌ಬಾಲಿಗೆ ಮಾತ್ರ ಇಂದಿನವರೆಗೂ ನಡೆಸಿಲ್ಲ. ಈಗಿನ ಪ್ಲೇಆಫ್ ಕೂಡ ಕಾನ್ಫರೆನ್ಸ್‌ಗಳೂ ನೋಟರ್ ಡೇಮೂ ಸೇರಿ ನಡೆಸುವ ಬೇರೆಯದೇ ಏರ್ಪಾಡು.

ಅಭಿಪ್ರಾಯಕ್ಕೆ ಬಿಟ್ಟಾಗ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆಗೆ ಬರವಿಲ್ಲ. 1973ರಲ್ಲಿ ಕೋಚ್‌ಗಳ ಪಟ್ಟಿ ಅಲಬಾಮಾವನ್ನು ಚಾಂಪಿಯನ್ ಎಂದು ಘೋಷಿಸಿ ಮುಗಿಸಿತ್ತು. ಬೌಲ್ ಅಂದರೆ ಋತುವಿನ ಕೊನೆಗೆ ಆಹ್ವಾನಿತ ತಂಡಗಳು ಆಡುವ ಪಂದ್ಯ. ಆಮೇಲೆ ನಡೆದ ಶುಗರ್ ಬೌಲ್‌ನಲ್ಲಿ ಅಲಬಾಮಾ ನೋಟರ್ ಡೇಮ್‌ಗೆ 24-23ರಿಂದ ಸೋತಿತು. ಮುಂದಿನ ವರ್ಷದಿಂದ ಕೋಚ್‌ಗಳು ಕೊನೆಯ ಮತವನ್ನು ಬೌಲ್ ಪಂದ್ಯಗಳ ನಂತರ ಹಾಕತೊಡಗಿದರು. 1990ರಲ್ಲಿ ಕೊಲರಾಡೊ ತಂಡಕ್ಕೆ ಮಿಸೌರಿ ವಿರುದ್ಧ ಚೆಂಡನ್ನು ಮುಂದೊಯ್ಯಲು ನಿಯಮದಂತೆ ಸಿಗಬೇಕಾದ ನಾಲ್ಕರ ಬದಲು ಐದು ಅವಕಾಶ ಸಿಕ್ಕಿತು. ಅಧಿಕಾರಿಗಳು ಎಣಿಕೆ ತಪ್ಪಿದ್ದರು. ಆ ಐದನೆಯ ಅವಕಾಶದಲ್ಲೇ ಪಂದ್ಯ ಗೆದ್ದ ಕೊಲರಾಡೊಗೆ ವರ್ಷದ ಕೊನೆಗೆ ಪತ್ರಕರ್ತರ ಪಟ್ಟಿಯಲ್ಲಿ ಮೊದಲ ಸ್ಥಾನ, ಕೋಚ್‌ಗಳ ಪಟ್ಟಿಯಲ್ಲಿ ಜಾರ್ಜಿಯಾ ಟೆಕ್‌ಗೆ ಮೊದಲ ಸ್ಥಾನ. 1994ರಲ್ಲಿ ನೆಬ್ರಾಸ್ಕಾ, ಪೆನ್ ಸ್ಟೇಟ್ ಎರಡೂ ಸೋಲದೆ ಮುಗಿಸಿದವು. ಕಿರೀಟ ನೆಬ್ರಾಸ್ಕಾಗೆ ಹೋಯಿತು. ಪೆನ್ ಸ್ಟೇಟ್‌ನ ಕಾನ್ಫರೆನ್ಸ್ ರೋಸ್ ಬೌಲ್ ಜೊತೆ ಒಪ್ಪಂದ ಮಾಡಿಕೊಂಡಿದ್ದರಿಂದ ಇಬ್ಬರನ್ನೂ ಒಂದು ಮೈದಾನಕ್ಕೆ ತರುವುದೇ ಸಾಧ್ಯವಾಗಲಿಲ್ಲ.

ಕಂಪ್ಯೂಟರಿಗೆ ಬಿಡಬಾರದೇ ಎಂದು ಕೇಳಿದಿರಿ. ಬಿಟ್ಟು ನೋಡಿದ್ದಾಯಿತು. 1998ರಿಂದ 2013ರವರೆಗೆ ಬಿಸಿಎಸ್ ಎಂಬ ಪದ್ಧತಿಯಲ್ಲಿ ಪೋಲ್‌ಗಳನ್ನೂ (ಮತ ಹಾಕಿ ಮಾಡಿದ ಪಟ್ಟಿಗಳು) ಕಂಪ್ಯೂಟರ್ ರ‍್ಯಾಂಕಿಂಗ್‌ಗಳನ್ನೂ ಕಲಸಿ ಎರಡು ತಂಡಗಳನ್ನು ಆರಿಸಿ ಒಂದು ಅಂತಿಮ ಪಂದ್ಯ ಆಡಿಸುತ್ತಿದ್ದರು. 2003ರಲ್ಲಿ ಪತ್ರಕರ್ತರ ಪಟ್ಟಿಯಲ್ಲೂ ಕೋಚ್‌ಗಳ ಪಟ್ಟಿಯಲ್ಲೂ ಮೊದಲ ಸ್ಥಾನದಲ್ಲಿದ್ದದ್ದು ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ). ಸೂತ್ರ ಅದನ್ನು ಮೂರನೆಯದಕ್ಕೆ ತಳ್ಳಿತು. ತನ್ನ ಕಾನ್ಫರೆನ್ಸ್ ಫೈನಲ್‌ನಲ್ಲಿ ಕಾನ್ಸಾಸ್ ಸ್ಟೇಟ್‌ಗೆ 35-7ರಿಂದ ಸೋತು ಬಂದಿದ್ದ ಒಕ್ಲಹೋಮಾ ಮೊದಲ ಸ್ಥಾನದಲ್ಲೇ ಉಳಿಯಿತು. ಅಂತಿಮ ಪಂದ್ಯದಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಒಕ್ಲಹೋಮಾವನ್ನು 21-14ರಿಂದ ಸೋಲಿಸಿತು. ಆ ಪಂದ್ಯ ಗೆದ್ದವರಿಗೇ ಕೋಚ್‌ಗಳು ಮೊದಲ ಮತ ಹಾಕಬೇಕು ಎಂಬ ಕರಾರಿತ್ತು. ಆದರೂ ಮೂವರು ಕೋಚ್‌ಗಳು ಯುಎಸ್‌ಸಿಗೆ ಹಾಕಿದರು. ಪತ್ರಕರ್ತರು ತಮ್ಮ ಕಿರೀಟವನ್ನು ಯುಎಸ್‌ಸಿಗೇ ಕೊಟ್ಟರು. ವಿವಾದ ನಿಲ್ಲಿಸಲೆಂದೇ ಮಾಡಿದ ಪದ್ಧತಿಯಲ್ಲಿ ಮತ್ತೆ ಇಬ್ಬರು ಚಾಂಪಿಯನ್. ಮರುವರ್ಷ ಸೂತ್ರ ತಿದ್ದಿ ಪೋಲ್‌ಗಳ ತೂಕ ಮೂರರಲ್ಲಿ ಎರಡು ಪಾಲಿಗೆ ಏರಿಸಿದರು. ಆಗ ಸೋಲನ್ನೇ ಕಾಣದ ಆಬರ್ನ್ ಹೊರಗುಳಿಯಿತು.

ಇಲ್ಲಿ ತಪ್ಪು ಗಣಿತದ್ದು ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ವೃತ್ತಿಯ ಪರವಾಗಿ ಹೇಳುತ್ತಿಲ್ಲ, ತಪ್ಪು ಬೇರೆಡೆ ಇತ್ತು. ಆರು ಕಂಪ್ಯೂಟರ್ ರ‍್ಯಾಂಕಿಂಗ್‌ಗಳಲ್ಲಿ ಐದರ ಲೆಕ್ಕವನ್ನು ಹೊರಗಿನವರು ನೋಡುವಂತಿರಲಿಲ್ಲ. ಪೂರ್ತಿ ತೆರೆದಿಟ್ಟಿದ್ದು ಒಂದೇ ಒಂದು. 2010ರ ಡಿಸೆಂಬರಿನಲ್ಲಿ ಆ ಒಂದರಲ್ಲಿ ಕೆಳದರ್ಜೆಯ ಒಂದು ಪಂದ್ಯದ ಫಲಿತಾಂಶ ಸೇರದೇ ಹೋಗಿದೆ ಎಂದು ಹೊರಗಿನವರೊಬ್ಬರು ಕಂಡುಹಿಡಿದರು. ಅದನ್ನು ಸರಿಪಡಿಸಿದಾಗ ಬೋಯ್ಸಿ ಸ್ಟೇಟ್ ಹತ್ತನೆಯ ಸ್ಥಾನಕ್ಕೂ ಎಲ್‌ಎಸ್‌ಯು ಹನ್ನೊಂದಕ್ಕೂ ಬದಲಾದವು. ತೆರೆದಿಟ್ಟದ್ದರಿಂದ ತಪ್ಪು ಸಿಕ್ಕಿತು. ಮುಚ್ಚಿಟ್ಟ ಐದರಲ್ಲಿ ಏನಿತ್ತೋ ನೋಡಲು ಯಾರಿಗೂ ದಾರಿಯಿರಲಿಲ್ಲ. ಇನ್ನೊಂದು ವಿಷಯ. ದುರ್ಬಲ ತಂಡಗಳ ಮೇಲೆ ಬೇಕೆಂದೇ ಸ್ಕೋರು ಏರಿಸುತ್ತಾರೆ ಎಂದು 2002ರಿಂದ ಗೆಲುವಿನ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಿದರು. ಉದ್ದೇಶ ಒಳ್ಳೆಯದೇ. ಆದರೆ ಒಂದು ಪಾಯಿಂಟಿನಿಂದ ಗೆದ್ದದ್ದೂ ನಲವತ್ತರಿಂದ ಗೆದ್ದದ್ದೂ ಒಂದೇ ಅಂದಮೇಲೆ, ಹನ್ನೆರಡೇ ಪಂದ್ಯಗಳ ಮಾಹಿತಿ ಇನ್ನಷ್ಟು ತೆಳ್ಳಗಾಯಿತು. ಇಪ್ಪತ್ತು ಪಾಯಿಂಟಿಗೆ ಮಿತಿ ಹಾಕಿ ಬಿಟ್ಟಿದ್ದರೂ ಕೆಲಸ ನಡೆಯುತ್ತಿತ್ತು ಎನ್ನುವುದು ನನ್ನ ಅಭಿಪ್ರಾಯ.

ಪ್ರತಿ ಶರತ್ಕಾಲ ನನ್ನ ವಿದ್ಯಾರ್ಥಿಗಳಿಗೆ ಒಂದೇ ವರ್ಷದ ಫಲಿತಾಂಶ ಕೊಟ್ಟು ಮೂರು ವಿಧಾನಗಳಲ್ಲಿ ಕ್ರಮಾಂಕ ಕೊಡಿ ಅನ್ನುತ್ತೇನೆ. ಮೊದಲ ಎರಡು ಸ್ಥಾನ ಬಹುಮಟ್ಟಿಗೆ ಒಂದೇ ಬರುತ್ತವೆ. ನಾಲ್ಕರಿಂದ ಹದಿನೈದರವರೆಗೆ ಮೂವರೂ ಮೂರು ದಿಕ್ಕು. ಆಗ ಯಾರಾದರೂ ಕೇಳೇ ಕೇಳುತ್ತಾರೆ, 'ಇದರಲ್ಲಿ ಸರಿಯಾದದ್ದು ಯಾವುದು?' ಎಂದು. ನಾನು ತಿರುಗಿ ಕೇಳುತ್ತೇನೆ, ನೀವು ಹುಡುಕುತ್ತಿರುವುದು ನಾಳೆ ಆಡಿದರೆ ಗೆಲ್ಲುವ ತಂಡವನ್ನೋ, ಇಲ್ಲಿಯವರೆಗೆ ಹೆಚ್ಚು ಸಾಧಿಸಿದ ತಂಡವನ್ನೋ? ಎರಡಕ್ಕೂ ಬೇರೆ ಬೇರೆ ಲೆಕ್ಕ. ಎರಡೂ ಸರಿಯಾದ ಲೆಕ್ಕವೇ. ಪ್ರಶ್ನೆ ಯಾವುದೆಂದು ಮೊದಲೇ ತೀರ್ಮಾನಿಸದೆ ಉತ್ತರಕ್ಕೆ ಜಗಳ ಆಡಿದರೆ ಜಗಳ ಮುಗಿಯುವುದಿಲ್ಲ.

ನಿಮ್ಮ ಮಗ ಊಟ ಬಿಟ್ಟ ಆ ಭಾನುವಾರ, 2023ರ ಡಿಸೆಂಬರ್ 3, ನಡೆದದ್ದು ಇದೇ. 2014ರಿಂದ ಹದಿಮೂರು ಜನರ ಸಮಿತಿಯೊಂದು ತಂಡಗಳನ್ನು ಆರಿಸುತ್ತಿದೆ. ಆಗ ನಾಲ್ಕೇ ತಂಡಗಳಿಗೆ ಜಾಗ. ನವೆಂಬರ್ 18ರಂದು ಫ್ಲಾರಿಡಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಕಾಲು ಮುರಿಯಿತು. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಹಂಚುವವನು, ದಾಳಿಯ ಚುಕ್ಕಾಣಿ ಅವನ ಕೈಯಲ್ಲಿರುತ್ತದೆ. ಅವನಿಲ್ಲದೆ ತಂಡ ಫ್ಲಾರಿಡಾ ವಿಶ್ವವಿದ್ಯಾಲಯವನ್ನು (ಅದು ಬೇರೆ ವಿಶ್ವವಿದ್ಯಾಲಯ) 24-15ರಿಂದ ಸೋಲಿಸಿತು. ಬದಲಿಗೆ ಬಂದವನಿಗೂ ಪೆಟ್ಟಾಗಿ, ಮೊದಲ ವರ್ಷದ ಹುಡುಗನೊಬ್ಬನನ್ನು ಮುಂದಿಟ್ಟುಕೊಂಡು ಕಾನ್ಫರೆನ್ಸ್ ಫೈನಲ್‌ನಲ್ಲಿ ಲೂಯಿವಿಲ್ ವಿರುದ್ಧ 16-6ರಿಂದ ಗೆದ್ದಿತು. ದಾಳಿ ಸೊರಗಿದಾಗ ರಕ್ಷಣೆ ತಂಡವನ್ನು ಹೊತ್ತು ನಡೆಯಿತು. ಸಮಿತಿ ಅದನ್ನು ಐದನೆಯ ಸ್ಥಾನದಲ್ಲಿಟ್ಟಿತು. ಆ ವರ್ಷದವರೆಗೆ, ದೊಡ್ಡ ಕಾನ್ಫರೆನ್ಸ್ ಒಂದನ್ನು ಸೋಲಿಲ್ಲದೆ ಗೆದ್ದ ಯಾವ ತಂಡವೂ ಈ ಪ್ಲೇಆಫ್‌ನಿಂದ ಹೊರಗುಳಿದಿರಲಿಲ್ಲ. ತನ್ನ ಕಾಲು ಇನ್ನೂ ಮೊದಲೇ ಮುರಿದಿದ್ದರೆ ಚೆನ್ನಾಗಿತ್ತು, ಈ ತಂಡ ಕ್ವಾರ್ಟರ್‌ಬ್ಯಾಕ್ ಒಬ್ಬನದ್ದಲ್ಲ ಎಂದು ಎಲ್ಲರಿಗೂ ಕಾಣುತ್ತಿತ್ತು ಎಂಬ ಅರ್ಥದಲ್ಲಿ ಟ್ರಾವಿಸ್ ಅಂದು ಬರೆದುಕೊಂಡ. ಇಪ್ಪತ್ತರ ಆಸುಪಾಸಿನ ಹುಡುಗ ತನ್ನ ಮೂಳೆ ಮುರಿದ ತಾರೀಖಿನ ಬಗ್ಗೆ ಹಾಗೆ ಯೋಚಿಸುವಂತೆ ಮಾಡಿದ ಪದ್ಧತಿಯನ್ನು ನಾನು ಒಪ್ಪಲಾರೆ.

ಆದರೆ ಸಮಿತಿ ನಿಯಮ ಮುರಿಯಿತು ಎಂದು ನಿಮ್ಮ ಮಗ ನಂಬಿದ್ದರೆ ಅದು ಸರಿಯಲ್ಲ. ಸಮಿತಿಗೆ ಕೊಟ್ಟಿದ್ದ ಕೆಲಸವೇ 'ಅತ್ಯುತ್ತಮ' ನಾಲ್ಕು ತಂಡಗಳನ್ನು ಆರಿಸುವುದು. ಮುಖ್ಯ ಆಟಗಾರರು ಇಲ್ಲದಿದ್ದರೆ ಅದು ಮುಂದಿನ ಪಂದ್ಯದ ಮೇಲೆ ಬೀರುವ ಪರಿಣಾಮವನ್ನೂ ನೋಡಬಹುದು ಎಂದು ಅವರ ಕೈಪಿಡಿಯಲ್ಲೇ ಬರೆದಿತ್ತು. ಅವರು ನಾಳೆಯ ಪ್ರಶ್ನೆಗೆ ಉತ್ತರ ಹೇಳಿದರು, ನಿಮ್ಮ ಮಗ ನಿನ್ನೆಯ ಪ್ರಶ್ನೆ ಕೇಳುತ್ತಿದ್ದ. ನಾಳೆಯನ್ನು ಊಹಿಸುವುದು ಎಷ್ಟು ಕಷ್ಟ ಎಂಬುದಕ್ಕೂ ಇದೇ ಪ್ಲೇಆಫ್‌ನ ಮೊದಲ ವರ್ಷವೇ ಸಾಕ್ಷಿ. 2014ರಲ್ಲಿ ಓಹಾಯೊ ಸ್ಟೇಟ್ ತನ್ನ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಕಳೆದುಕೊಂಡು ಮೂರನೆಯವನಾದ ಕಾರ್ಡೇಲ್ ಜೋನ್ಸ್‌ನನ್ನು ಇಳಿಸಿತು. ಕಾನ್ಫರೆನ್ಸ್ ಫೈನಲ್ ಅನ್ನು 59-0ಯಿಂದ ಗೆದ್ದು ನಾಲ್ಕನೆಯ ತಂಡವಾಗಿ ಒಳಬಂತು. ಅಲಬಾಮಾವನ್ನೂ ಓರೆಗಾನ್ ಅನ್ನೂ ಸೋಲಿಸಿ ಚಾಂಪಿಯನ್ ಆಯಿತು. ಮೂರನೆಯ ಹುಡುಗನಿಂದ ಏನಾಗುತ್ತದೆ ಎಂದು ಆಡಿಸದೆ ಹೇಳಬಲ್ಲವರು ಯಾರಿದ್ದಾರೆ? ಫ್ಲಾರಿಡಾ ಸ್ಟೇಟ್ ಆಮೇಲೆ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ ಎದುರು 63-3ರಿಂದ ಸೋತದ್ದನ್ನು ಸಮಿತಿಯ ಪರ ಸಾಕ್ಷಿಯಾಗಿ ತರುವವರಿದ್ದಾರೆ. ಮನಸ್ಸು ಮುರಿದು ಬಹಳಷ್ಟು ಆಟಗಾರರು ಆ ಪಂದ್ಯ ಆಡಲೇ ಇಲ್ಲ. ಅದರಿಂದ ಏನೂ ಸಾಬೀತಾಗುವುದಿಲ್ಲ.

ನೋಟರ್ ಡೇಮ್‌ನ ಕಥೆ ಬೇರೆ ಥರದ್ದು. 2025ರ ಮೊದಲ ಪಂದ್ಯದಲ್ಲೇ ಮಯಾಮಿ ಅವರನ್ನು 27-24ರಿಂದ ಸೋಲಿಸಿತ್ತು. ಕೊನೆಗೆ ಇಬ್ಬರದ್ದೂ 10 ಗೆಲುವು, 2 ಸೋಲು. ಸಮಿತಿ ವಾರಗಟ್ಟಲೆ ನೋಟರ್ ಡೇಮ್ ಅನ್ನು ಮಯಾಮಿಗಿಂತ ಮೇಲಿಟ್ಟಿತು. ಕೊನೆಯ ವಾರ ಇಬ್ಬರೂ ಆಡಲೇ ಇಲ್ಲ, ಆದರೂ ಭಾನುವಾರ ಮಯಾಮಿ ಮೇಲೆ, ನೋಟರ್ ಡೇಮ್ ಹೊರಗೆ. ಸಮಿತಿ ಕೊಟ್ಟ ಕಾರಣ ಹೀಗೆ. ಪಟ್ಟಿಯಲ್ಲಿ ಇಬ್ಬರ ಮಧ್ಯೆ ಇದ್ದ ಬಿವೈಯು (ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ) ತನ್ನ ಕಾನ್ಫರೆನ್ಸ್ ಫೈನಲ್ ಸೋತು ಕೆಳಗಿಳಿಯಿತು, ಇಬ್ಬರೂ ಅಕ್ಕಪಕ್ಕ ಬಂದರು, ಆಗ ಆಗಸ್ಟಿನ ಮುಖಾಮುಖಿ ಲೆಕ್ಕಕ್ಕೆ ಬಂತು. ಮಯಾಮಿಯನ್ನು ಸೇರಿಸಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಮುಖಾಮುಖಿ ಗೆದ್ದವರು ಅವರೇ, ಆಮೇಲೆ ಫೈನಲ್‌ವರೆಗೂ ಹೋದರು. ಆದರೆ ಆ ಗೆಲುವು ಆಗಸ್ಟಿನಿಂದ ಎಲ್ಲರ ಕಣ್ಣ ಮುಂದೆಯೇ ಇತ್ತು. ಅದು ಎಣಿಕೆಗೆ ಬರುವುದು ಮೂರನೆಯ ತಂಡವೊಂದು ಎಲ್ಲೋ ಸೋತಾಗ ಮಾತ್ರ ಅಂದರೆ, ಆಡುವವರಿಗೆ ಗುರಿ ಎಲ್ಲಿದೆ ಎಂದೇ ತಿಳಿಯದು.

ಟಿವಿ ಕೈವಾಡದ ಮಾತಿಗೆ ಬರೋಣ. ಸಮಿತಿಯವರಿಗೆ ಯಾರೋ ಫೋನ್ ಮಾಡಿ ಇಂಥವರನ್ನು ಸೇರಿಸಿ ಎಂದರು ಎನ್ನುವುದಕ್ಕೆ ನಾನು ಯಾವ ಆಧಾರವನ್ನೂ ಕಂಡಿಲ್ಲ. ಇಎಸ್‌ಪಿಎನ್ ಅಲಬಾಮಾದ ಕಾನ್ಫರೆನ್ಸ್ ಪರ ಎನ್ನುವವರು, ಫ್ಲಾರಿಡಾ ಸ್ಟೇಟ್ ಇರುವ ಕಾನ್ಫರೆನ್ಸಿನ ಪ್ರಸಾರವೂ ಇಎಸ್‌ಪಿಎನ್ ಬಳಿಯೇ ಇದೆ ಎಂಬುದನ್ನು ಮರೆಯುತ್ತಾರೆ. ಹಣದ ಪ್ರಭಾವ ಇರುವುದು ಅದಕ್ಕೂ ಆಳದಲ್ಲಿ. 1984ರಲ್ಲಿ ಒಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಹೂಡಿದ್ದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಟಿವಿ ಪ್ರಸಾರದ ಮೇಲೆ ಎನ್‌ಸಿಎಎಗಿದ್ದ ಹಿಡಿತವನ್ನು ತೆಗೆದುಹಾಕಿತು. ಅಲ್ಲಿಂದ ಕಾನ್ಫರೆನ್ಸ್‌ಗಳೇ ತಮ್ಮ ಪಂದ್ಯಗಳನ್ನು ಮಾರತೊಡಗಿದವು. ಹೆಚ್ಚು ನೋಡುಗರಿರುವ ವಿಶ್ವವಿದ್ಯಾಲಯಗಳು ಒಂದೆಡೆ ಸೇರಿಕೊಂಡವು. ಇವತ್ತು ಬಿಗ್ ಟೆನ್ ಮತ್ತು ಎಸ್‌ಇಸಿ ಎಂಬ ಎರಡು ಕೂಟಗಳಲ್ಲಿ ಹೆಸರಾಂತ ತಂಡಗಳಲ್ಲಿ ಬಹುಪಾಲು ತುಂಬಿವೆ. ಅವು ತಮ್ಮತಮ್ಮಲ್ಲೇ ಆಡಿಕೊಂಡು 'ನಮ್ಮ ಪಟ್ಟಿ ಕಠಿಣ' ಅನ್ನುತ್ತವೆ. ಹೊರಗಿನವನಿಗೆ ಅವರ ಜೊತೆ ಆಡಲು ಪಂದ್ಯ ಸಿಗುವುದೇ ಕಷ್ಟ. ಆಮೇಲೆ 'ನೀನು ಬಲಿಷ್ಠರ ಜೊತೆ ಆಡಿಲ್ಲ' ಎಂದು ಅವನನ್ನೇ ದೂರುತ್ತಾರೆ.

2017ರಲ್ಲಿ ಯುಸಿಎಫ್‌ಗೆ (ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯ) ಆದದ್ದು ಇದೇ. 12 ಪಂದ್ಯ ಗೆದ್ದೂ ಒಳಗೆ ಕರೆಯಲಿಲ್ಲ. ಪೀಚ್ ಬೌಲ್‌ನಲ್ಲಿ ಆಬರ್ನ್ ಅನ್ನು 34-27ರಿಂದ ಸೋಲಿಸಿ 13-0 ಮಾಡಿಕೊಂಡರು. ಆ ವರ್ಷ ಫೈನಲ್ ಆಡಿದ ಅಲಬಾಮಾ ಮತ್ತು ಜಾರ್ಜಿಯಾ ಎರಡನ್ನೂ ಆಬರ್ನ್ ಲೀಗ್ ಹಂತದಲ್ಲಿ ಮಣಿಸಿತ್ತು. ಹಾಗೆಂದು ಯುಸಿಎಫ್ ಅಲಬಾಮಾವನ್ನು ಸೋಲಿಸುತ್ತಿತ್ತು ಎಂದು ಹೇಳಲಾಗದು. ಅ ಎಂಬುವನು ಆ ಎಂಬುವನನ್ನು, ಆ ಎಂಬುವನು ಇ ಎಂಬುವನನ್ನು ಸೋಲಿಸಿದರೆ ಅ ಎಂಬುವನು ಇ ಎಂಬುವನನ್ನು ಸೋಲಿಸುತ್ತಾನೆ ಎಂಬ ನಿಯಮ ಕ್ರೀಡೆಯಲ್ಲಿಲ್ಲ. ಆಡುವ ಹಕ್ಕು ಅವರಿಗೆ ಇತ್ತು ಎಂದಷ್ಟೇ ನಾನು ಹೇಳುವುದು.

ಹಾಗಾದರೆ ತಂಡಗಳನ್ನು ಹೆಚ್ಚಿಸಿದರೆ ಸಾಕೇ? 2024ರಿಂದ 12 ತಂಡಗಳಾಗಿವೆ. ಅದರಲ್ಲಿ ಐದು ಜಾಗ ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಮೀಸಲು. ಈ ನಿಯಮ 2023ರಲ್ಲಿ ಇದ್ದಿದ್ದರೆ ನಿಮ್ಮ ಮಗನ ತಂಡ ಸಮಿತಿಯ ಮುಖ ನೋಡಬೇಕಾಗಿರಲಿಲ್ಲ. ಇದು ದೊಡ್ಡ ಸುಧಾರಣೆ, ನಾನು ಇದನ್ನು ಮನಸಾರೆ ಒಪ್ಪುತ್ತೇನೆ. ಮೊದಲ ಸುತ್ತು ಬಾಡಿಗೆ ಮೈದಾನದ ಬದಲು ವಿಶ್ವವಿದ್ಯಾಲಯದ ಅಂಗಳದಲ್ಲೇ ನಡೆಯುವುದೂ ಒಳ್ಳೆಯದೇ. 2024ರಲ್ಲಿ ಅಂಗಳದಲ್ಲಿ ಆಡಿದ ನಾಲ್ವರೂ ಗೆದ್ದರು. ಆದರೆ ಜಗಳ ಮುಗಿಯಲಿಲ್ಲ, ಐದನೆಯ ಜಾಗದಿಂದ ಹದಿಮೂರನೆಯದಕ್ಕೆ ಸರಿಯಿತು. 68 ತಂಡಗಳ ಬಾಸ್ಕೆಟ್‌ಬಾಲಿನಲ್ಲೂ 69ನೆಯವನ ಗೋಳು ವರ್ಷ ವರ್ಷ ಕೇಳುತ್ತೇವೆ. ಆದರೂ ಒಂದು ವ್ಯತ್ಯಾಸವಿದೆ. ಸೋಲೇ ಕಾಣದವನನ್ನು ಹೊರಗಿಡುವುದು ಬೇರೆ, ಎರಡು ಸಲ ಸೋತವನನ್ನು ಹೊರಗಿಡುವುದು ಬೇರೆ. ಎರಡನೆಯದರ ನೋವೂ ನಿಜವೇ, ಆದರೆ ಅಷ್ಟು ದೊಡ್ಡ ಅನ್ಯಾಯವಲ್ಲ. ನಿಮ್ಮ ತಂಗಿಯ ಮಗಳಿಗೆ ಇದನ್ನು ಸಾವಧಾನವಾಗಿ ಹೇಳಿ.

ಇನ್ನು, ಹೆಚ್ಚು ಸುತ್ತು ಆಡಿಸಿದಷ್ಟೂ ನಿಜವಾದ ಬಲಶಾಲಿ ಮೇಲೆ ಬರುತ್ತಾನೆ ಎಂದು ನೀವು ತಿಳಿದಿದ್ದರೆ, ನನ್ನ ಕೈಲಿರುವ ಲೆಕ್ಕ ಅದಕ್ಕೆ ಉಲ್ಟಾ ಹೇಳುತ್ತದೆ. ಎಂಥ ಎದುರಾಳಿಯನ್ನೂ ನೂರಕ್ಕೆ ಎಪ್ಪತ್ತು ಸಲ ಸೋಲಿಸಬಲ್ಲ ತಂಡ ಒಂದಿದೆ ಎಂದಿಟ್ಟುಕೊಳ್ಳಿ. ಅದು ಮೂರು ನಾಕೌಟ್ ಪಂದ್ಯಗಳನ್ನು ಸತತ ಗೆಲ್ಲುವ ಸಂಭವ ನೂರಕ್ಕೆ 34. ನಾಲ್ಕು ಪಂದ್ಯವಾದರೆ 24. ಅಂದರೆ ದೇಶದ ಅತ್ಯುತ್ತಮ ತಂಡ ನಾಲ್ಕರಲ್ಲಿ ಮೂರು ಸಲ ಬರಿಗೈಯಲ್ಲಿ ಮನೆಗೆ ಹೋಗುತ್ತದೆ. 2024ರಲ್ಲಿ ಮೊದಲ ಸುತ್ತು ಆಡದೆ ನೇರ ಎರಡನೆಯ ಸುತ್ತಿಗೆ ಬಂದ ನಾಲ್ಕೂ ತಂಡಗಳು ತಮ್ಮ ಮೊದಲ ಪಂದ್ಯದಲ್ಲೇ ಸೋತವು. ಎಂಟನೆಯ ಸೀಡ್ (ಪ್ಲೇಆಫ್‌ಗೆ ಕೊಟ್ಟ ಕ್ರಮಾಂಕ) ಆಗಿದ್ದ ಓಹಾಯೊ ಸ್ಟೇಟ್ ಚಾಂಪಿಯನ್ ಆಯಿತು. ಮರುವರ್ಷ ಮೊದಲ ಸೀಡ್ ಇಂಡಿಯಾನಾ 16ಕ್ಕೆ 16 ಗೆದ್ದು ಫೈನಲ್‌ನಲ್ಲಿ ಮಯಾಮಿಯನ್ನು 27-21ರಿಂದ ಮಣಿಸಿತು. ಎರಡೂ ಆಗುತ್ತವೆ. ಪ್ಲೇಆಫ್ ಕೊಡುವುದು ಎಲ್ಲರೂ ಒಪ್ಪಿದ ನಿಯಮದಲ್ಲಿ ಗೆದ್ದವನನ್ನು. ಅದಕ್ಕಿಂತ ಹೆಚ್ಚನ್ನು ಅದರಿಂದ ಕೇಳಬಾರದು.

ಮುಂದಿನ ದಾರಿಗಳಲ್ಲಿ ನಾನು ಬಲವಾಗಿ ವಿರೋಧಿಸುವುದು ಒಂದನ್ನು. ತಂಡಗಳನ್ನು 16ಕ್ಕೆ ಏರಿಸಿ, ಅದರಲ್ಲಿ ಬಿಗ್ ಟೆನ್‌ಗೆ ನಾಲ್ಕು, ಎಸ್‌ಇಸಿಗೆ ನಾಲ್ಕು ಜಾಗ ಮೊದಲೇ ಬರೆದುಕೊಡಬೇಕು ಎಂಬ ಪ್ರಸ್ತಾಪ ಬಂದಿತ್ತು. ಸಮಿತಿಯ ಅಭಿಪ್ರಾಯಕ್ಕಿಂತ ಇದು ವಾಸಿ, ನಾಲ್ಕನೆಯ ಜಾಗಕ್ಕೆ ಮೈದಾನದಲ್ಲೇ ಸ್ಪರ್ಧೆ ನಡೆಯುತ್ತದೆ ಎಂಬ ವಾದದಲ್ಲಿ ಸ್ವಲ್ಪ ಹುರುಳಿದೆ. ಆದರೆ ಒಂದು ಕೂಟ ಆ ವರ್ಷ ದುರ್ಬಲವಾಗಿದ್ದರೂ ಅದರ ನಾಲ್ಕನೆಯವನು ಒಳಗೆ ಬರುತ್ತಾನೆ. ಚಾಂಪಿಯನ್‌ಗೆ ಮೀಸಲು ಕೊಡುವುದು ಗೆಲುವಿಗೆ ಕೊಟ್ಟ ಮರ್ಯಾದೆ. ನಾಲ್ಕನೆಯವನಿಗೆ ಮೀಸಲು ಕೊಡುವುದು ಕರಾರುಪತ್ರಕ್ಕೆ ಕೊಟ್ಟ ಮರ್ಯಾದೆ.

24 ತಂಡಗಳ ಬಗ್ಗೆ ನನಗಿರುವ ಅಂಜಿಕೆ ಹುಡುಗರ ಮೈಯದ್ದು. ಕೆಳಗಿನ ಎಫ್‌ಸಿಎಸ್ ದರ್ಜೆಯಲ್ಲಿ 1978ರಿಂದ ಪ್ಲೇಆಫ್ ಇದೆ, ಈಗ 24 ತಂಡ ಆಡುತ್ತವೆ. ಹಾಗಾಗಿ 'ಓದುವ ಹುಡುಗರಿಗೆ ಪ್ಲೇಆಫ್ ಆಡಲಾಗದು' ಎಂಬ ಹಳೆಯ ನೆಪ ಎಂದೋ ಸುಳ್ಳಾಗಿದೆ. ಆದರೆ ಮೇಲ್ದರ್ಜೆಯಲ್ಲಿ ಫೈನಲ್‌ವರೆಗೆ ಹೋದವರು ಈಗಾಗಲೇ 16 ಪಂದ್ಯ ಆಡುತ್ತಿದ್ದಾರೆ. ತಲೆಗೂ ಮಂಡಿಗೂ ಬೀಳುವ ಪೆಟ್ಟಿನ ಲೆಕ್ಕ ಪಂದ್ಯದ ಜೊತೆ ಏರುತ್ತದೆ. ಇನ್ನಷ್ಟು ಸುತ್ತು ಬೇಕಿದ್ದರೆ ಲೀಗ್ ಹಂತದಲ್ಲಿ ಅಷ್ಟು ಪಂದ್ಯ ಕಡಿಮೆ ಮಾಡಲಿ. ಅದರಿಂದ ಗೇಟಿನ ಹಣ ಹೋಗುತ್ತದೆ, ಆದ್ದರಿಂದ ಯಾರೂ ಆ ಮಾತೆತ್ತುವುದಿಲ್ಲ.

ನನ್ನ ಕೈಗೆ ಕೊಟ್ಟರೆ 12ರಲ್ಲೇ ನಿಲ್ಲಿಸುತ್ತೇನೆ. ಐದು ಚಾಂಪಿಯನ್‌ಗಳ ಜಾಗ ಹಾಗೇ ಇರಲಿ. ಉಳಿದ ಏಳನ್ನು ತುಂಬಲು ಸಮಿತಿಯ ಬದಲು ಒಂದು ಸೂತ್ರ, ಅದೂ ಆಗಸ್ಟಿನಲ್ಲೇ ಪ್ರಕಟವಾಗಿ ಯಾರು ಬೇಕಾದರೂ ಮನೆಯಲ್ಲಿ ಕೂತು ಲೆಕ್ಕ ಹಾಕುವಂಥದ್ದು. ಸೂತ್ರ ಕೇಳುವ ಪ್ರಶ್ನೆ ಇಷ್ಟೇ: ಈ ತಂಡ ಆಡಿದ ಪಂದ್ಯಗಳನ್ನೇ ಒಂದು ಸಾಧಾರಣ ಒಳ್ಳೆಯ ತಂಡ ಆಡಿದ್ದರೆ ಎಷ್ಟು ಗೆಲ್ಲುತ್ತಿತ್ತು, ಇವರು ಅದಕ್ಕಿಂತ ಎಷ್ಟು ಹೆಚ್ಚು ಗೆದ್ದರು? ಆಗ ಬಲಿಷ್ಠರ ಎದುರು ಸೋತದ್ದಕ್ಕೆ ದೊಡ್ಡ ದಂಡವಿಲ್ಲ, ದುರ್ಬಲರನ್ನು ಸೋಲಿಸಿದ್ದಕ್ಕೆ ದೊಡ್ಡ ಬಹುಮಾನವೂ ಇಲ್ಲ. ಯಾರ ಕಾಲು ಮುರಿಯಿತು ಎಂದು ಸೂತ್ರ ಕೇಳುವುದೂ ಇಲ್ಲ. ಇದು ಕನಸಿನ ಮಾತಲ್ಲ. ಇದೇ ಎನ್‌ಸಿಎಎ ಐಸ್ ಹಾಕಿಗೆ ವರ್ಷಗಳಿಂದ ಬಹಿರಂಗ ಸೂತ್ರ ಬಳಸುತ್ತಿದೆ. ಮೂರನೆಯ ದರ್ಜೆಯ ಫುಟ್‌ಬಾಲಿಗೂ 2024ರಿಂದ ಸೂತ್ರ ಬಂದಿದೆ.

ಇದರಲ್ಲೂ ತೊಂದರೆಗಳಿವೆ, ಮುಚ್ಚಿಡುವುದಿಲ್ಲ. ಸೂತ್ರ ಮೊದಲೇ ಗೊತ್ತಿದ್ದರೆ ಅದರ ಸಂದಿಗಳನ್ನು ಹುಡುಕಿ ಪಂದ್ಯ ಗೊತ್ತುಮಾಡಿಕೊಳ್ಳುವವರು ಹುಟ್ಟುತ್ತಾರೆ. ಅದಕ್ಕೆ ಮೂರು ನಾಲ್ಕು ವರ್ಷಕ್ಕೊಮ್ಮೆ ಪರಿಶೀಲಿಸಬೇಕು, ಆದರೆ ಋತುವಿನ ನಡುವೆ ಮುಟ್ಟಬಾರದು. ಚಾಂಪಿಯನ್‌ಗಳ ಮೀಸಲಿನಿಂದ ವಿಚಿತ್ರಗಳೂ ಆಗುತ್ತವೆ. 2025ರಲ್ಲಿ ಐದು ಪಂದ್ಯ ಸೋತಿದ್ದ ಡ್ಯೂಕ್ ತನ್ನ ಕಾನ್ಫರೆನ್ಸ್ ಗೆದ್ದಿತು. ಆಗಿನ ನಿಯಮದಲ್ಲಿ ಆ ಐದು ಜಾಗ ಹೆಚ್ಚು ಮೇಲಿನ ಕ್ರಮಾಂಕದ ಐದು ಚಾಂಪಿಯನ್‌ಗಳಿಗೆ ಮಾತ್ರ. ಡ್ಯೂಕ್‌ನ ಕ್ರಮಾಂಕ ಕೆಳಗಿದ್ದುದರಿಂದ ಅದರಲ್ಲಿ ಎರಡು ಜಾಗ ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್‌ಗೆ ಹೋದವು. ಇಬ್ಬರೂ ಮೊದಲ ಸುತ್ತಿನಲ್ಲೇ ಸೋತರು. ಇವರಿಗೇಕೆ ಜಾಗ, ನೋಟರ್ ಡೇಮ್ ಬರಬಹುದಿತ್ತಲ್ಲ ಎಂದು ಟಿವಿಯಲ್ಲಿ ಬಹಳ ಮಂದಿ ಸಿಟ್ಟಾದರು. ನಾನು ಆ ಸಿಟ್ಟಿನಲ್ಲಿ ಸೇರಲಾರೆ. ಸಣ್ಣ ವಿಶ್ವವಿದ್ಯಾಲಯದ ಹುಡುಗರಿಗೆ ಆಗಸ್ಟಿನಲ್ಲಿ 'ಎಲ್ಲ ಗೆದ್ದರೂ ನಿಮಗೆ ಬಾಗಿಲಿಲ್ಲ' ಎಂದು ಹೇಳಬೇಕಾದ ಪದ್ಧತಿಗಿಂತ, ಡಿಸೆಂಬರಿನಲ್ಲಿ ಅವರು 41-10ರಿಂದ ಸೋಲುವ ಪದ್ಧತಿ ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಕೊನೆಯದಾಗಿ ನಿಮ್ಮ ಮಗನ ಎಕ್ಸೆಲ್ ಹಾಳೆ. ಅದು ಸರಿಯೋ ತಪ್ಪೋ ಎಂದು 2023ರ ಫಲಿತಾಂಶ ನೋಡಿ ಹೇಳಲಾಗದು. ಅವನು ತೂಕಗಳನ್ನು ಕೂರಿಸಿದ್ದೇ ಆ ವರ್ಷದ ಫಲಿತಾಂಶ ಗೊತ್ತಾದ ಮೇಲೆ. ತನ್ನ ತಂಡ ಮೂರನೆಯದಾಗುವವರೆಗೆ ಒಂದೊಂದು ಅಂಕಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸಿರಬಹುದು. ಬೇಕೆಂದು ಮಾಡದಿದ್ದರೂ ಕೈ ಹಾಗೇ ಹೋಗುತ್ತದೆ, ನನ್ನ ವಿದ್ಯಾರ್ಥಿಗಳಿಗೂ ಹೋಗುತ್ತದೆ. ಎದುರಾಳಿಗಳ ಬಲಕ್ಕೆ ಎಷ್ಟು ತೂಕ, ಹೊರ ಮೈದಾನದ ಗೆಲುವಿಗೆ ಎಷ್ಟು, ಗೆಲುವಿನ ಅಂತರಕ್ಕೆ ಯಾವ ಮಿತಿ ಎಂಬುದನ್ನು ಮುಂದಿನ ಋತುವಿನ ಮೊದಲ ಪಂದ್ಯಕ್ಕೆ ಮುಂಚೆ ನಿಶ್ಚಯಿಸಿ, ಹಾಳೆಗೆ ಬೀಗ ಹಾಕಿ ನನಗೊಂದು ಪ್ರತಿ ಕಳಿಸಲು ಹೇಳಿ. ಡಿಸೆಂಬರಿನಲ್ಲಿ ಸಮಿತಿಯ ಪಟ್ಟಿ ಬರುವ ಬೆಳಿಗ್ಗೆ ಇಬ್ಬರೂ ಅದನ್ನು ತೆರೆದು ನೋಡೋಣ. ಫ್ಲಾರಿಡಾ ಸ್ಟೇಟ್ ಅದರಲ್ಲಿ ಹದಿಮೂರನೆಯದಾಗಿ ಬಂದರೂ ಅವನು ಒಪ್ಪುತ್ತಾನೆಯೇ ಎಂದು ಈಗಲೇ ಕೇಳಿಡಿ.